ಸ್ಟಾರ್ ತೀರಿಕೊಂಡ ವಾರ ಏನೇನು ಮಾಡಬಹುದು

ದೊಡ್ಡ ನಟರು ಯಾರಾದರೂ ತೀರಿಕೊಂಡರೆ ಒಂದೇ ಗಂಟೆಯಲ್ಲಿ ಎರಡು ಪಕ್ಷ ಆಗಿಬಿಡುತ್ತವೆ. ಒಂದು ಕಡೆಯವರು ಡಿಪಿ ಬದಲಿಸಿ, ಸ್ಟೇಟಸ್ ಹಾಕಿ, ಹಳೇ ಹಾಡು ಹಂಚುತ್ತಾರೆ. ಇನ್ನೊಂದು ಕಡೆಯವರು ಅದರ ಕೆಳಗೇ ಬಂದು, ರೈತ ಸತ್ತಾಗ ಎಲ್ಲಿ ಹೋಗಿದ್ರಿ, ಸೈನಿಕ ಸತ್ತಾಗ ಈ ಕಣ್ಣೀರು ಎಲ್ಲಿತ್ತು, ಆಫ್ರಿಕಾದಲ್ಲಿ ಮಕ್ಕಳು ಹಸಿವಿನಿಂದ ಸಾಯ್ತಿರೋದು ಗೊತ್ತಿಲ್ವಾ ಅಂತ ಕೇಳುತ್ತಾರೆ. ಎರಡು ದಿನ ಬೈದಾಟ. ಹಾಲು ತುಪ್ಪ ಆಗುವ ಹೊತ್ತಿಗೆ ಇಬ್ಬರಿಗೂ ಸುಸ್ತು. ಹನ್ನೊಂದನೇ ದಿನಕ್ಕೆ ಟೀವಿಯಲ್ಲಿ ಬೇರೆ ಸುದ್ದಿ.

ನನ್ನ ಲೆಕ್ಕದಲ್ಲಿ ಇಬ್ಬರೂ ಆ ವಾರವನ್ನು ಹಾಳು ಮಾಡುತ್ತಾರೆ. ಯಾಕೆ ಅಂದರೆ ಅಷ್ಟು ಜನ ಒಟ್ಟಿಗೆ ಸಾವಿನ ಬಗ್ಗೆ ಯೋಚಿಸುವ ವಾರ ವರ್ಷದಲ್ಲಿ ಒಂದೋ ಎರಡೋ ಬರುತ್ತದೆ. ಬೇರೆ ದಿನ ಹೇಳಿದರೆ ಕಿವಿಗೇ ಹಾಕಿಕೊಳ್ಳದ ಮಾತನ್ನು ಆಗ ಮನೆಮಂದಿಯೆಲ್ಲ ಕೇಳುತ್ತಾರೆ. ಆ ನಟ ಯಾವ ಕಾರಣಕ್ಕೆ ಹೋದರೋ ಅದೇ ಕಾರಣಕ್ಕೆ ಅವತ್ತೇ ನೂರಾರು ಜನ ಹೋಗಿರುತ್ತಾರೆ, ಅವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಈ ಸಾವಿನಿಂದ ಆ ಸಾವುಗಳವರೆಗೆ ಒಂದು ಎಳೆ ಇರುತ್ತದೆ. ಅದನ್ನು ಹಿಡಿದು ಹೋಗುವುದು ಹೇಗೆ ಅನ್ನೋದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ದಿನ: ಅಳು ಬಂದರೆ ಅಳಿ

ನಿಮ್ಮ ಮುಖವನ್ನೇ ನೋಡಿರದ ಮನುಷ್ಯನಿಗೋಸ್ಕರ ಯಾಕೆ ಅಳ್ತೀರಾ ಅಂತ ಕೇಳುವವರಿಗೆ ಉತ್ತರ ಕೊಡೋಕೆ ಹೋಗಬೇಡಿ. ಅಪ್ಪನ ಸೈಕಲ್ಲಿನ ಮುಂದೆ ಕೂತು ಟೆಂಟಿಗೆ ಹೋಗಿದ್ದು, ಅಣ್ಣ ತಮ್ಮಂದಿರು ಡೈಲಾಗು ಹೊಡೆದು ಬೈಸಿಕೊಂಡಿದ್ದು, ಅಜ್ಜಿ ಆ ಹಾಡು ಬಂದರೆ ರೇಡಿಯೋ ಜೋರು ಮಾಡು ಅಂದಿದ್ದು, ಇದೆಲ್ಲ ಆ ಒಂದು ಮುಖಕ್ಕೆ ಅಂಟಿಕೊಂಡಿರುತ್ತದೆ. ಅಳು ಅದಕ್ಕೂ ಸೇರಿಯೇ ಬರುತ್ತದೆ. ಅದರಲ್ಲಿ ತಪ್ಪೇನಿಲ್ಲ.

ಅಂತಿಮ ದರ್ಶನಕ್ಕೆ ಹೋಗುವುದಾದರೆ ಮಾತ್ರ ತಲೆ ಸರಿಯಿಟ್ಟುಕೊಂಡು ಹೋಗಿ. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನಲ್ಲಿ ಕಲ್ಲು ತೂರಾಟ ಆಯಿತು, ಬಸ್ಸು ಸುಟ್ಟರು, ಪೊಲೀಸರು ಗುಂಡು ಹಾರಿಸಿದರು, ಒಬ್ಬ ಪೊಲೀಸ್ ಸೇರಿ ಹಲವರು ಸತ್ತರು. ಅಣ್ಣಾವ್ರಿಗೆ ಅಂತ ಬಂದವರು ತಮ್ಮ ಮನೆಯವರಿಗೆ ಇನ್ನೊಂದು ಸಾವು ತಂದಿಟ್ಟರು. 2021ರಲ್ಲಿ ಪುನೀತ್ ಹೋದಾಗ ಕಂಠೀರವ ಕ್ರೀಡಾಂಗಣಕ್ಕೆ ಲಕ್ಷಾಂತರ ಜನ ಬಂದರು, ಆದರೂ ಆ ಮಟ್ಟದ ಗಲಾಟೆ ಆಗಲಿಲ್ಲ. ಸರ್ಕಾರ ಮೊದಲೇ ಮದ್ಯದಂಗಡಿ ಮುಚ್ಚಿಸಿತ್ತು, ದರ್ಶನಕ್ಕೆ ಸಾಕಷ್ಟು ಸಮಯ ಕೊಟ್ಟಿತ್ತು, ಕುಟುಂಬದವರು ಮತ್ತೆ ಮತ್ತೆ ಶಾಂತವಾಗಿರಿ ಅಂತ ಕೇಳಿಕೊಂಡಿದ್ದರು. ಹೋಗುವಾಗ ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ನೀರು ಇಟ್ಟುಕೊಳ್ಳಿ. ಒಳಗೆ ಹೋಗುವ ಮುಂಚೆಯೇ ಹೊರಗೆ ಬರುವ ದಾರಿ ಯಾವುದು ಅಂತ ನೋಡಿಕೊಳ್ಳಿ. ಹಿಂದಿನಿಂದ ತಳ್ಳಾಟ ಶುರುವಾದರೆ ಪಕ್ಕಕ್ಕೆ ಸರಿದು ಹೊರಗೆ ಬನ್ನಿ, ಮುಖ ನೋಡೋದು ತಪ್ಪಿದರೆ ತಪ್ಪಲಿ.

ಇನ್ನೊಂದು ವಿಷಯ, ಇದು ಸಣ್ಣದಲ್ಲ. ಪುನೀತ್ ತೀರಿಕೊಂಡ ದಿನಗಳಲ್ಲಿ ಕೆಲವು ಅಭಿಮಾನಿಗಳು ಆಘಾತದಿಂದ ಸತ್ತರು, ಕೆಲವರು ತಾವೇ ಜೀವ ಕಳೆದುಕೊಂಡರು. ನಿಮ್ಮ ಗೆಳೆಯರಲ್ಲಿ ಯಾರಾದರೂ ಊಟ ಬಿಟ್ಟು ಕೂತಿದ್ದರೆ, ನಾನೂ ಹೋಗಿಬಿಡ್ತೀನಿ ಅನ್ನುತ್ತಿದ್ದರೆ, ತಮಾಷೆ ಮಾಡಬೇಡಿ, ಬುದ್ಧಿ ಹೇಳೋಕೂ ಹೋಗಬೇಡಿ. ಅವರ ಜೊತೆ ಹೋಗಿ ಕೂರಿ. 14416 ಟೆಲಿ ಮಾನಸ್ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ. ಅವರಿಗೆ ಡಯಲ್ ಮಾಡೋಕೆ ಆಗದಿದ್ದರೆ ನೀವೇ ಮಾಡಿ ಫೋನ್ ಕೊಡಿ.

ಬೈಯುವ ಪಕ್ಷದವರಿಗೆ ಎರಡು ಮಾತು

ನಿಮ್ಮ ಪ್ರಶ್ನೆಯಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ವಿಶ್ವಸಂಸ್ಥೆಯ ಅಂದಾಜಿನ ಪ್ರಕಾರ 2023ರಲ್ಲಿ ಐದು ವರ್ಷ ತುಂಬುವ ಮುಂಚೆಯೇ ಸತ್ತ ಮಕ್ಕಳು 48 ಲಕ್ಷ. ದಿನಕ್ಕೆ ಹದಿಮೂರು ಸಾವಿರ. ಬಹುಪಾಲು ಸಾವು ತಡೆಯಬಹುದಾದದ್ದು. ಇದಕ್ಕೆ ಯಾವ ಊರಲ್ಲೂ ಬಂದ್ ಆಗುವುದಿಲ್ಲ.

ಆದರೆ ನೀವು ಈ ಮಾತನ್ನು ಹೇಳುವ ಜಾಗ ತಪ್ಪು. ಸಾವಿನ ಮನೆಗೆ ಹೋಗಿ, ಪಕ್ಕದ ಬೀದಿಯಲ್ಲೂ ಒಬ್ಬರು ಸತ್ತಿದ್ದಾರೆ, ಅಲ್ಲಿಗೆ ಯಾಕೆ ಹೋಗಲಿಲ್ಲ ಅಂತ ಕೇಳುತ್ತೀರಾ? ಹಾಗೆ ಕೇಳಿದರೆ ಆ ಪಕ್ಕದ ಬೀದಿಯ ಮೇಲೇ ಜನಕ್ಕೆ ಸಿಟ್ಟು ಬರುತ್ತದೆ. ರೈತನ ಹೆಸರು, ಸೈನಿಕನ ಹೆಸರು, ಹಸಿದ ಮಗುವಿನ ಹೆಸರು ಎಲ್ಲ ಬೇರೆಯವರ ಬಾಯಿ ಮುಚ್ಚಿಸುವ ಕಲ್ಲಾಗುತ್ತದೆ. ಮತ್ತೆ, ಹಾಗೆ ಬೈಯುವವರಲ್ಲಿ ಎಷ್ಟು ಜನ ಕಳೆದ ತಿಂಗಳು ಆ ರೈತನಿಗೆ ಏನಾದರೂ ಮಾಡಿದ್ದರು? ಕಾಮೆಂಟ್ ಒತ್ತುವ ಮುಂಚೆ ನಿಮಗೆ ನೀವೇ ಇದನ್ನು ಕೇಳಿಕೊಳ್ಳಿ. ಮಾಡಿದ್ದರೆ ಅದನ್ನು ನಿಮ್ಮ ಪುಟದಲ್ಲಿ ಬರೆಯಿರಿ, ಹೇಗೆ ಮಾಡಿದಿರಿ ಅಂತ ಬರೆಯಿರಿ, ಆ ವಾರ ಓದುವವರು ಸಿಗುತ್ತಾರೆ. ಮಾಡಿಲ್ಲ ಅಂದರೆ ಸುಮ್ನೆ ಇರಿ, ಮುಂದೆ ಓದಿ.

ಎಳೆ ಹುಡುಕುವುದು

ಮೂರನೇ ದಿನದ ಹೊತ್ತಿಗೆ ಅಳು ಸ್ವಲ್ಪ ತಗ್ಗಿರುತ್ತದೆ. ಆಗ ಎರಡೇ ಪ್ರಶ್ನೆ ಕೇಳಿ. ಇವರು ಯಾವುದರಿಂದ ಹೋದರು? ಹೋಗುವಾಗ ಏನು ಕೊಟ್ಟು ಹೋದರು? ಎರಡರಲ್ಲಿ ಒಂದಕ್ಕಾದರೂ ಉತ್ತರ ಸಿಗುತ್ತದೆ. ಒಂದೇ ಎಳೆ ಹಿಡಿಯಿರಿ. ಎಲ್ಲಾ ದುಃಖಕ್ಕೂ ಮದ್ದು ಕೊಡ್ತೀನಿ ಅಂತ ಹೊರಟವರು ವಾರದಲ್ಲಿ ಸುಸ್ತಾಗುತ್ತಾರೆ.

ಪುನೀತ್ ವಿಷಯದಲ್ಲಿ ಎರಡೂ ಎಳೆ ಇತ್ತು. 46 ವರ್ಷ, ದಿನಾ ವ್ಯಾಯಾಮ ಮಾಡುತ್ತಿದ್ದ ಮನುಷ್ಯ, ಹೃದಯದ ತೊಂದರೆಯಿಂದ ಇದ್ದಕ್ಕಿದ್ದಂತೆ ಹೋದರು. ಮರುದಿನದಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಎದೆ ತೋರಿಸಿಕೊಳ್ಳುವವರ ಸಾಲು ಬೆಳೆಯಿತು. ಅದು ಭಯ. ಭಯ ಇಳಿದ ಮೇಲೆ ಸಾಲೂ ಕರಗಿತು. ಆದರೆ ಆ ಭಯದಿಂದ ಒಂದು ಗಟ್ಟಿ ಕೆಲಸ ಉಳಿದುಕೊಂಡಿದೆ. ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ 'ಹೃದಯ ಜ್ಯೋತಿ' ಅನ್ನುವ ಯೋಜನೆ ಮಾಡಿ 2023ರಲ್ಲಿ ಶುರು ಮಾಡಿತು. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ, ಅದನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ವೈದ್ಯರು ದೂರದಿಂದಲೇ ನೋಡುತ್ತಾರೆ, ಹೃದಯಾಘಾತ ಅಂತ ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ, ಉಚಿತವಾಗಿ ಕೊಡುತ್ತಾರೆ. ಹೊರಗೆ ಆ ಒಂದು ಚುಚ್ಚುಮದ್ದಿಗೆ ಹತ್ತಾರು ಸಾವಿರ ರೂಪಾಯಿ. ನೀವು ಮಾಡಬೇಕಾದದ್ದು: ನಿಮ್ಮ ತಾಲೂಕು ಆಸ್ಪತ್ರೆಗೆ ಒಂದು ಸಲ ಹೋಗಿ, ಈ ಸೌಲಭ್ಯ ಇಲ್ಲಿದೆಯಾ, ರಾತ್ರಿ ಹೊತ್ತೂ ಇರುತ್ತಾ, ಔಷಧ ದಾಸ್ತಾನು ಇದೆಯಾ ಅಂತ ಕೇಳಿಕೊಂಡು ಬನ್ನಿ. ಇಲ್ಲ ಅಂದರೆ ಯಾಕಿಲ್ಲ ಅಂತ ಬರವಣಿಗೆಯಲ್ಲಿ ಕೇಳಿ. ಹೇಗೆ ಅಂತ ಮುಂದೆ ಹೇಳುತ್ತೇನೆ. ಎದೆ ಹಿಂಡಿದ ಹಾಗೆ ಆಗಿ, ದವಡೆಗೋ ಎಡಗೈಗೋ ನೋವು ಹರಿದು, ಬೆವರು ಬಂದರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗುವುದು ನಮ್ಮ ಊರುಗಳ ದೊಡ್ಡ ತಪ್ಪು. 108ಕ್ಕೆ ಫೋನ್ ಮಾಡಿ. ಗಾಡಿ ನೀವೇ ಓಡಿಸಿಕೊಂಡು ಹೋಗಬೇಡಿ. ಸಕ್ಕರೆ ಕಾಯಿಲೆ ಇರುವವರಿಗೆ ಮತ್ತು ಹೆಂಗಸರಿಗೆ ನೋವೇ ಇಲ್ಲದೆ ಬರೀ ಏದುಸಿರು, ಸುಸ್ತು ಅಂತಲೂ ಬರಬಹುದು.

ಕಣ್ಣಿನ ವಿಷಯ, ಸ್ವಲ್ಪ ವಿವರವಾಗಿ

ಪುನೀತ್ ಕಣ್ಣುಗಳನ್ನು ನಾರಾಯಣ ನೇತ್ರಾಲಯದಲ್ಲಿ ನಾಲ್ಕು ಜನರಿಗೆ ಹಾಕಿದರು. ಎರಡು ಕಣ್ಣು ನಾಲ್ಕು ಜನರಿಗೆ ಹೇಗೆ ಅಂತ ಆಗ ತುಂಬಾ ಜನ ಕೇಳಿದ್ದರು. ದಾನದಲ್ಲಿ ಉಪಯೋಗಕ್ಕೆ ಬರುವುದು ಕಣ್ಣಿನ ಮುಂದಿನ ಪಾರದರ್ಶಕ ಪದರ, ಅಂದರೆ ಕಾರ್ನಿಯಾ. ಅದನ್ನು ಮುಂಭಾಗ ಹಿಂಭಾಗ ಅಂತ ಎರಡು ಮಾಡಿ, ಮುಂಭಾಗ ಕೆಟ್ಟವರಿಗೆ ಮುಂಭಾಗ, ಹಿಂಭಾಗ ಕೆಟ್ಟವರಿಗೆ ಹಿಂಭಾಗ ಹಾಕಿದರು. ಅವರ ತಂದೆ 2006ರಲ್ಲಿ, ತಾಯಿ ಪಾರ್ವತಮ್ಮ 2017ರಲ್ಲಿ ಕೂಡ ಕಣ್ಣು ಕೊಟ್ಟೇ ಹೋಗಿದ್ದರು. ರಾಜ್‌ಕುಮಾರ್ ಹೆಸರಿನ ನೇತ್ರ ಬ್ಯಾಂಕ್ 1994ರಿಂದಲೇ ಇತ್ತು. ಆದರೂ ಜನ ಸಾಲುಗಟ್ಟಿ ಹೆಸರು ಬರೆಸಿದ್ದು 2021ರ ನವೆಂಬರ್‌ನಲ್ಲಿ.

ಹೆಸರು ಬರೆಸುವುದು ಸುಲಭದ ಭಾಗ. ಕಷ್ಟ ಇರುವುದು ಬೇರೆ ಕಡೆ. ನೀವು ಬರೆಸಿದ ಕಾರ್ಡು ಪರ್ಸಿನಲ್ಲಿ ಇದ್ದರೆ ಏನೂ ಆಗುವುದಿಲ್ಲ. ನೀವು ಹೋದ ಮೇಲೆ ಮನೆಯವರು ಫೋನ್ ಮಾಡಬೇಕು, ಮನೆಯವರು ಒಪ್ಪಿ ಸಹಿ ಹಾಕಬೇಕು. ಅದೂ ಆರು ಗಂಟೆಯ ಒಳಗೆ. ಸಾವಿನ ಮನೆಯಲ್ಲಿ ಆರು ಗಂಟೆ ಅಂದರೆ ಎಷ್ಟು ಬೇಗ ಕಳೆಯುತ್ತದೆ ಅಂತ ನೋಡಿದವರಿಗೆ ಗೊತ್ತು. ಊರಿಗೆ ಹೇಳಿ ಕಳಿಸುವುದು, ಶಾಮಿಯಾನ, ಐಸ್ ಬಾಕ್ಸು, ದೂರದ ಮಗಳಿಗೆ ಬಸ್ಸು ಸಿಕ್ತಾ ಇಲ್ವಾ. ಇದರ ಮಧ್ಯೆ ಅಯ್ಯೋ ಕಣ್ಣು ಅಂತ ಯಾರಿಗಾದರೂ ನೆನಪಾಗುವ ಹೊತ್ತಿಗೆ ಸಂಜೆ ಆಗಿರುತ್ತದೆ. ಅದಕ್ಕೇ ನಿಮ್ಮ ಮನೆಯಲ್ಲಿ ಅಳುವವರಲ್ಲಿ ಕಡಿಮೆ ಅಳುವವರು ಯಾರು ಅಂತ ಈಗಲೇ ಯೋಚಿಸಿ. ಸೊಸೆಯೋ, ಅಳಿಯನೋ, ಪಕ್ಕದ ಮನೆಯವರೋ. ಆ ಕೆಲಸ ಅವರಿಗೆ ಒಪ್ಪಿಸಿ. ನೇತ್ರ ಬ್ಯಾಂಕಿನ ನಂಬರನ್ನು ಫ್ರಿಜ್ ಬಾಗಿಲ ಮೇಲೆ ಅಂಟಿಸಿ, ಅವರ ಫೋನಿನಲ್ಲೂ ಹಾಕಿಸಿ. ಹತ್ತಿರದ ಬ್ಯಾಂಕ್ ಯಾವುದು ಅಂತ ಗೊತ್ತಿಲ್ಲದಿದ್ದರೆ 104 ಆರೋಗ್ಯ ಸಹಾಯವಾಣಿಯಲ್ಲಿ ಅಥವಾ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಕೇಳಿ.

ಸಾವಾದ ಕೂಡಲೇ ಮಾಡಬೇಕಾದದ್ದು ಇಷ್ಟು. ರೆಪ್ಪೆ ಮುಚ್ಚಿ. ಒದ್ದೆ ಹತ್ತಿಯನ್ನು ಮುಚ್ಚಿದ ಕಣ್ಣಿನ ಮೇಲಿಡಿ. ಫ್ಯಾನ್ ಆರಿಸಿ, ಇಲ್ಲದಿದ್ದರೆ ಕಣ್ಣು ಒಣಗುತ್ತದೆ. ಎಸಿ ಇದ್ದರೆ ಇರಲಿ. ತಲೆಯ ಕೆಳಗೆ ದಿಂಬು ಕೊಟ್ಟು ಸ್ವಲ್ಪ ಎತ್ತರ ಮಾಡಿ. ವೈದ್ಯರಿಂದ ಮರಣ ದೃಢೀಕರಣ ಪತ್ರ ತೆಗೆದಿಟ್ಟುಕೊಳ್ಳಿ. ಬ್ಯಾಂಕಿನವರೇ ಮನೆಗೆ ಬರುತ್ತಾರೆ, ಫಾರಂ ಅವರೇ ತರುತ್ತಾರೆ, ಇಬ್ಬರು ಸಾಕ್ಷಿ ಬೇಕು. ಸ್ವಲ್ಪ ರಕ್ತ ತೆಗೆದುಕೊಳ್ಳುತ್ತಾರೆ, ಸೋಂಕು ಏನಾದರೂ ಇದೆಯಾ ಅಂತ ನೋಡಲು. ಹದಿನೈದು ಇಪ್ಪತ್ತು ನಿಮಿಷದ ಕೆಲಸ. ಮುಖ ವಿಕಾರ ಆಗುವುದಿಲ್ಲ, ದರ್ಶನಕ್ಕೆ ಇಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಯಾರೂ ದುಡ್ಡು ಕೇಳಬಾರದು, ಕೊಡಬಾರದು.

ಅಜ್ಜನಿಗೆ ಕನ್ನಡಕ ಇತ್ತು, ಪೊರೆ ಆಪರೇಷನ್ ಆಗಿತ್ತು, ಶುಗರ್ ಇತ್ತು, ಬಿಪಿ ಇತ್ತು, ಎಂಬತ್ತೈದು ವಯಸ್ಸು, ಇನ್ನೇನು ಕೊಡೋದು ಅಂತ ನೀವೇ ತೀರ್ಮಾನ ಮಾಡಬೇಡಿ. ಇವು ಯಾವುವೂ ಅಡ್ಡಿಯಲ್ಲ. ಎಚ್‌ಐವಿ, ಹೆಪಟೈಟಿಸ್, ರೇಬಿಸ್, ರಕ್ತ ನಂಜಾಗಿ ಆದ ಸಾವು, ಇಂಥ ಕೆಲವು ಇದ್ದರೆ ತೆಗೆದುಕೊಳ್ಳುವುದಿಲ್ಲ. ಬೇಡ ಅನ್ನುವುದಾದರೆ ಬ್ಯಾಂಕಿನವರು ಹೇಳುತ್ತಾರೆ. ಹೋದವರು ಮೊದಲೇ ಹೆಸರು ಬರೆಸಿರದಿದ್ದರೂ ಮನೆಯವರು ಕೊಡಬಹುದು, ಇದು ಬಹಳ ಜನರಿಗೆ ಗೊತ್ತಿಲ್ಲ. ಮುಂದಿನ ಜನ್ಮದಲ್ಲಿ ಕುರುಡರಾಗಿ ಹುಟ್ಟುತ್ತಾರೆ ಅನ್ನುವ ದೊಡ್ಡಮ್ಮ ಒಬ್ಬರು ಪ್ರತಿ ಮನೆಯಲ್ಲೂ ಇರುತ್ತಾರೆ. ಅವರ ಜೊತೆ ವಾದ ಮಾಡಿ ಗೆಲ್ಲೋಕೆ ಆಗಲ್ಲ. ಅಪ್ಪು ಕೊಟ್ಟರಲ್ಲ ದೊಡ್ಡಮ್ಮ, ಅವರ ಅಪ್ಪ ಅಮ್ಮನೂ ಕೊಟ್ಟರಲ್ಲ ಅನ್ನಿ. ಸ್ಟಾರಿನ ಸಾವು ನಿಮಗೆ ನಿಜವಾಗಿ ಕೆಲಸಕ್ಕೆ ಬರುವುದು ಇಂಥ ಕಡೆ.

ರಸ್ತೆಯ ಎಳೆ

ನಟ ಸಂಚಾರಿ ವಿಜಯ್ 2021ರ ಜೂನ್‌ನಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ಬೈಕ್ ಅಪಘಾತದಲ್ಲಿ ಹೋದರು. ಹಿಂದೆ ಕೂತಿದ್ದರು, ಹೆಲ್ಮೆಟ್ ಇರಲಿಲ್ಲ ಅಂತ ಆಗ ವರದಿಯಾಗಿತ್ತು. ಮನೆಯವರು ಅಂಗಾಂಗ ದಾನ ಮಾಡಿದರು. ಶಂಕರ್ ನಾಗ್ ಹೋಗಿದ್ದು 1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಹತ್ತಿರದ ಆನಗೋಡಿನ ಬಳಿ, ಅದೂ ರಸ್ತೆಯಲ್ಲೇ. ಇವತ್ತಿಗೂ ಆಟೋಗಳ ಹಿಂದೆ ಅವರ ಚಿತ್ರ ಇದೆ. 2022ರ ಒಂದು ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491, ಅಂದರೆ ದಿನಕ್ಕೆ ನಾನೂರ ಅರವತ್ತರ ಸುಮಾರು. ಅಭಿಮಾನಿ ಸಂಘದವರು ಪುಣ್ಯಸ್ಮರಣೆಗೆ ಅನ್ನಸಂತರ್ಪಣೆ ಮಾಡುವ ದುಡ್ಡಿನಲ್ಲಿ ಸ್ವಲ್ಪ ಭಾಗಕ್ಕೆ ಐಎಸ್‌ಐ ಗುರುತಿನ ಹೆಲ್ಮೆಟ್ ತಂದು ಹಿಂದೆ ಕೂರುವವರಿಗೆ, ಮುಖ್ಯವಾಗಿ ಮಕ್ಕಳಿಗೆ, ಅಳತೆ ನೋಡಿ ಹಂಚಬಹುದು. ಫ್ಲೆಕ್ಸಿಗೆ ಹಾಕುವ ದುಡ್ಡಿನಲ್ಲಿ ಎಷ್ಟು ಬರುತ್ತದೆ ಅಂತ ಲೆಕ್ಕ ಹಾಕಿ, ನಾನು ಬೇರೆ ಹೇಳಬೇಕಾಗಿಲ್ಲ. ಇನ್ನೊಂದು, ರಸ್ತೆಯಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್ ಕೇಸು ಅಂತ ಅಲೆಯಬೇಕಾಗುತ್ತೆ ಅನ್ನೋ ಹೆದರಿಕೆ ಬಿಡಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ ನೆರವಾದವರನ್ನು ಕಾಪಾಡುತ್ತದೆ. ಇಷ್ಟವಿಲ್ಲದಿದ್ದರೆ ಹೆಸರು ಹೇಳಲೂ ಬೇಕಿಲ್ಲ.

ಎರಡು ಸಾವು ಒಂದೇ ದಿನ ಬಂದಾಗ

2018ರ ನವೆಂಬರ್ 24, ಶನಿವಾರ. ಮಧ್ಯಾಹ್ನ ಮಂಡ್ಯ ಜಿಲ್ಲೆಯ ಪಾಂಡವಪುರ ತಾಲೂಕಿನ ಕನಗನಮರಡಿ ಬಳಿ ಒಂದು ಖಾಸಗಿ ಬಸ್ಸು ವಿ.ಸಿ. ನಾಲೆಗೆ, ಅಂದರೆ ವಿಶ್ವೇಶ್ವರಯ್ಯ ನಾಲೆಗೆ ಬಿತ್ತು. 30 ಜನ ಸತ್ತರು. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳು ಅದರಲ್ಲಿದ್ದರು. ಅದೇ ರಾತ್ರಿ ಬೆಂಗಳೂರಿನಲ್ಲಿ ಮಂಡ್ಯದ ಗಂಡು ಅಂಬರೀಶ್ ತೀರಿಕೊಂಡರು. ಮರುದಿನ ಅವರ ದೇಹವನ್ನು ಹೆಲಿಕಾಪ್ಟರಿನಲ್ಲಿ ಮಂಡ್ಯಕ್ಕೆ ತಂದು ಜನರ ದರ್ಶನಕ್ಕೆ ಇಟ್ಟರು. ಇಡೀ ಜಿಲ್ಲೆ ಅಲ್ಲಿತ್ತು. ಕ್ಯಾಮೆರಾಗಳೂ ಅಲ್ಲಿದ್ದವು.

ಅಂಬರೀಶ್‌ಗೆ ಅತ್ತ ಮಂಡ್ಯದವರಲ್ಲಿ ಆ ಮಕ್ಕಳಿಗೂ ಅತ್ತವರಿದ್ದರು. ಜನರ ಮನಸ್ಸಿನಲ್ಲಿ ಎರಡಕ್ಕೂ ಜಾಗ ಇತ್ತು, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಜಾಗ ಇಲ್ಲದೆ ಹೋಗಿದ್ದು ಟೀವಿಯಲ್ಲಿ. ಬಸ್ಸು ಬಿದ್ದದ್ದು ಯಾಕೆ, ನಾಲೆಯ ಪಕ್ಕದ ರಸ್ತೆಗೆ ತಡೆಗೋಡೆ ಯಾಕಿರಲಿಲ್ಲ ಅನ್ನೋ ಪ್ರಶ್ನೆ ಒಂದೇ ದಿನದಲ್ಲಿ ಕೆಳಗೆ ಹೋಯಿತು. ಪ್ರಶ್ನೆ ಹೋಯಿತು, ನಾಲೆ ಎಲ್ಲಿಗೂ ಹೋಗಲಿಲ್ಲ. 2023ರ ಜುಲೈನಲ್ಲಿ ಗಾಮನಹಳ್ಳಿ ಬಳಿ ಅದೇ ನಾಲೆಗೆ ಕಾರು ಬಿದ್ದು ನಾಲ್ವರು ಹೆಣ್ಣುಮಕ್ಕಳು ಸತ್ತರು. ಅದೇ ವರ್ಷ ನವೆಂಬರ್‌ನಲ್ಲಿ ಬನಘಟ್ಟದ ಬಳಿ ಇನ್ನೊಂದು ಕಾರು, ಐದು ಜನ.

ಸ್ಟಾರಿಗೆ ಅತ್ತಿದ್ದರಿಂದ ಬೇರೆಯವರ ನೋವು ಮರೆತುಹೋಗುತ್ತೆ ಅನ್ನೋದನ್ನು ನಾನು ನಂಬುವುದಿಲ್ಲ. ಆದರೆ ಕೇಳಬೇಕಾದ ಪ್ರಶ್ನೆಯನ್ನು ಆ ವಾರ ಯಾರೂ ಎತ್ತಿಟ್ಟುಕೊಳ್ಳುವುದಿಲ್ಲ. ನೀವು ಎತ್ತಿಟ್ಟುಕೊಳ್ಳಿ. ಫೋನಿನ ಕ್ಯಾಲೆಂಡರಿನಲ್ಲಿ ಒಂದು ತಿಂಗಳ ನಂತರದ ದಿನಕ್ಕೆ, ಆಮೇಲೆ ಆರು ತಿಂಗಳ ನಂತರದ ದಿನಕ್ಕೆ ಬರೆದಿಡಿ: ತಡೆಗೋಡೆ ಏನಾಯಿತು? ಆ ದಿನ ಬಂದಾಗ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ.

ಕರ್ನಾಟಕದಲ್ಲಿ ಇದಕ್ಕೆ ಹತ್ತು ರೂಪಾಯಿ ಶುಲ್ಕ, ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್ ಕಾರ್ಡ್ ಇದ್ದರೆ ಅದೂ ಬೇಡ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು, ಇದು ನಮ್ಮ ರಾಜ್ಯದ ನಿಯಮ, ಇದನ್ನೇ ಹಿಡಿದು ಅರ್ಜಿ ವಾಪಸ್ ಕಳಿಸುತ್ತಾರೆ, ಹುಷಾರು. ಮುಖ್ಯವಾದದ್ದು ಪ್ರಶ್ನೆ ಬರೆಯುವ ರೀತಿ. ಯಾಕೆ ಕಟ್ಟಿಲ್ಲ ಅಂತ ಕೇಳಬೇಡಿ. ಯಾಕೆ ಅನ್ನೋದು ಮಾಹಿತಿ ಅಲ್ಲ ಅಂತ ಉತ್ತರ ಬರುತ್ತದೆ. ಹೀಗೆ ಬರೆಯಿರಿ: "ಇಂಥ ಗ್ರಾಮದಿಂದ ಇಂಥ ಗ್ರಾಮದವರೆಗೆ ನಾಲೆ ಪಕ್ಕದ ರಸ್ತೆಗೆ ತಡೆಗೋಡೆ ನಿರ್ಮಿಸಲು ಮಂಜೂರಾದ ಮೊತ್ತ, ಕಾರ್ಯಾದೇಶದ ಪ್ರತಿ, ಇಂದಿನವರೆಗೆ ಮುಗಿದಿರುವ ಕಾಮಗಾರಿಯ ಉದ್ದ ಮತ್ತು ಪಾವತಿಸಿದ ಬಿಲ್ಲಿನ ಪ್ರತಿಗಳನ್ನು ನೀಡುವುದು." ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಅಲ್ಲಿಂದ 30 ದಿನದ ಒಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅದಕ್ಕೂ ಬಗ್ಗದಿದ್ದರೆ 90 ದಿನದ ಒಳಗೆ ಮಾಹಿತಿ ಆಯೋಗಕ್ಕೆ. ಆಯೋಗದಲ್ಲಿ ತಡ ಆಗುತ್ತದೆ, ಹೌದು. ಆದರೆ ಎಷ್ಟೋ ಕಚೇರಿಗಳಲ್ಲಿ ಮೊದಲ ಅರ್ಜಿ ಬಂದ ಕೂಡಲೇ ಫೈಲು ಮೇಲೆ ಬರುತ್ತದೆ. ತಾಲೂಕು ಆಸ್ಪತ್ರೆಯ ಚುಚ್ಚುಮದ್ದಿನ ದಾಸ್ತಾನು ಕೇಳುವುದೂ ಇದೇ ರೀತಿ. ಅರ್ಜಿ ಬೇಡ, ದೂರು ಸಾಕು ಅನ್ನಿಸಿದರೆ 1902, ಜನಸ್ಪಂದನ.

ದೂರದ ದೇಶದ ನೋವು

ಇದು ಕಷ್ಟ. ಮನೆಯ ಹತ್ತಿರ ಕಾರಣ ಇದೆ, ಕಚೇರಿ ಇದೆ, ಹೋಗಿ ಕೇಳಬಹುದು. ಸುಡಾನ್‌ಗೆ ಏನು ಮಾಡುತ್ತೀರಿ?

ಸುಡಾನ್ ನಮಗೆ ಪೂರ್ತಿ ಪರಕೀಯ ಅಲ್ಲ, ನೆನಪಿದೆಯಾ? 2023ರ ಏಪ್ರಿಲ್ 15ರಂದು ಅಲ್ಲಿ ಯುದ್ಧ ಶುರುವಾದಾಗ ಗಿಡಮೂಲಿಕೆ ಔಷಧಿ, ಎಣ್ಣೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಬುಡಕಟ್ಟಿನ ಜನ ಸಿಕ್ಕಿಹಾಕಿಕೊಂಡಿದ್ದರು. ಅದರಲ್ಲಿ 31 ಜನ ಇದ್ದದ್ದು ಎಲ್ ಫಾಶರ್ ಅನ್ನುವ ಊರಿನಲ್ಲಿ. ವಿಧಾನಸಭೆ ಚುನಾವಣೆ ಹತ್ತಿರ ಇತ್ತು, ರಾಜಕಾರಣಿಗಳ ಟ್ವೀಟ್ ಜಗಳ ಆಯಿತು, ಕನ್ನಡದ ಚಾನೆಲ್ಲುಗಳಲ್ಲಿ ಸುಡಾನಿನ ನಕ್ಷೆ ಬಂತು. ಆಪರೇಷನ್ ಕಾವೇರಿ ಅನ್ನುವ ಹೆಸರಿನಲ್ಲಿ ಭಾರತ ಸರ್ಕಾರ ತನ್ನವರನ್ನು ಕರೆತಂದಿತು. ಒಳ್ಳೆಯದಾಯಿತು. ನಕ್ಷೆ ಮಾಯವಾಯಿತು. ಎಲ್ ಫಾಶರ್ ಅಲ್ಲೇ ಉಳಿಯಿತು. 2024ರ ಆಗಸ್ಟ್‌ನಲ್ಲಿ ಆ ಊರಿನ ಪಕ್ಕದ ಜಮ್ಜಮ್ ಶಿಬಿರದಲ್ಲಿ ಕ್ಷಾಮ ಇದೆ ಅಂತ ತಜ್ಞರು ಘೋಷಿಸಿದರು. ಸುಮಾರು ಒಂದೂವರೆ ವರ್ಷದ ಮುತ್ತಿಗೆಯ ನಂತರ 2025ರ ಅಕ್ಟೋಬರ್‌ನಲ್ಲಿ ಊರು ಬಂಡುಕೋರ ಪಡೆಯ ಕೈಗೆ ಹೋಯಿತು, ದೊಡ್ಡ ಪ್ರಮಾಣದ ಕೊಲೆಗಳಾದವು. ನಮ್ಮವರು ಅಲ್ಲಿ ಊಟ ಮಾಡಿದ ಮನೆಗಳು, ಎಣ್ಣೆ ಕೊಂಡ ಜನ, ಎಲ್ಲ ಅದರೊಳಗೇ ಇದ್ದವು.

ಇಡೀ ಜಗತ್ತಿನ ನೋವನ್ನು ಹೊರೋಕೆ ಯಾರಿಂದಲೂ ಆಗಲ್ಲ. ಒಂದು ಊರಿನ ಹೆಸರು ಹಿಡಿದುಕೊಳ್ಳಿ, ನಿಮಗೆ ಏನೋ ಸಂಬಂಧ ಇರುವ ಊರು, ಎಷ್ಟೇ ತೆಳ್ಳಗಿನ ಸಂಬಂಧ ಆದರೂ ಸರಿ. ಗೂಗಲ್ ಅಲರ್ಟ್ ಇಟ್ಟರೆ ಆ ಹೆಸರಿನ ಸುದ್ದಿ ವಾರಕ್ಕೊಮ್ಮೆ ಮೇಲ್‌ಗೆ ಬರುತ್ತದೆ. ಓದಿ, ಒಬ್ಬರಿಗೆ ಹೇಳಿ. ಇದರಿಂದ ಯುದ್ಧ ನಿಲ್ಲುವುದಿಲ್ಲ ಅಂತ ನನಗೂ ಗೊತ್ತು.

ದುಡ್ಡು ಕೊಡುವುದಾದರೆ ಅಳು ಬಂದ ದಿನ ಸಾವಿರ ಕೊಟ್ಟು ಸುಮ್ಮನಾಗಬೇಡಿ. ತಿಂಗಳಿಗೆ ನೂರೋ ಇನ್ನೂರೋ ಆಟೋಪೇ ಹಾಕಿ. ಇದನ್ನು ಸುಮ್ನೆ ಹೇಳುತ್ತಿಲ್ಲ. 2015ರ ಸೆಪ್ಟೆಂಬರ್‌ನಲ್ಲಿ ಅಲನ್ ಕುರ್ದಿ ಅನ್ನುವ ಸಿರಿಯಾದ ಪುಟ್ಟ ಹುಡುಗನ ಶವ ಟರ್ಕಿಯ ದಡದಲ್ಲಿ ಬಿದ್ದಿದ್ದ ಚಿತ್ರ ಜಗತ್ತೆಲ್ಲ ಓಡಾಡಿತಲ್ಲ, ಆ ವಾರ ಸ್ವೀಡನ್ನಿನ ರೆಡ್ ಕ್ರಾಸ್‌ಗೆ ದಿನವೂ ಬರುತ್ತಿದ್ದ ದಾನಗಳ ಸಂಖ್ಯೆ ನೂರು ಪಟ್ಟಿಗೂ ಜಾಸ್ತಿಯಾಯಿತು. ಕೆಲವೇ ವಾರಗಳಲ್ಲಿ ಇಳಿದುಹೋಯಿತು. ಉಳಿದವರು ಯಾರು ಅಂದರೆ ಆ ಅಳುವಿನ ಮಧ್ಯೆ ತಿಂಗಳಿಗಿಷ್ಟು ಅಂತ ಹೆಸರು ಬರೆಸಿದವರು. ಅವರಲ್ಲಿ ಬಿಟ್ಟುಹೋದವರು ತೀರಾ ಕಡಿಮೆ. ಕೊಡುವ ಮುಂಚೆ ಸಂಸ್ಥೆಯ ಸ್ವಂತ ಪುಟಕ್ಕೆ ಹೋಗಿ ದುಡ್ಡು ಯಾವ ದೇಶದಲ್ಲಿ ಖರ್ಚಾಗುತ್ತದೆ ಅಂತ ನೋಡಿ, ಇಲ್ಲಿನ ಶಾಖೆಗೆ ಕೊಟ್ಟದ್ದು ಇಲ್ಲೇ ಖರ್ಚಾಗಬಹುದು. ಸ್ಟಾರ್ ಹೆಸರಿನಲ್ಲಿ ವಾಟ್ಸಾಪಿಗೆ ಬರುವ ಕ್ಯೂಆರ್ ಕೋಡಿಗೆ ಮಾತ್ರ ಒಂದು ರೂಪಾಯಿಯೂ ಹಾಕಬೇಡಿ.

ಡಿಪಿ ಬದಲಿಸದ ಸಾವುಗಳು

1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ತುಂಬಿದ್ದರು. ಕಾಲರಾ ಬಂತು. ಡ್ರಿಪ್ ಹಾಕುವ ಸಲೈನ್ ಮುಗಿಯುತ್ತಾ ಬಂತು. ಅಲ್ಲಿದ್ದ ದಿಲೀಪ್ ಮಹಲನೋಬಿಸ್ ಅನ್ನುವ ಮಕ್ಕಳ ವೈದ್ಯರು ಗ್ಲೂಕೋಸ್, ಉಪ್ಪು, ಅಡಿಗೆ ಸೋಡಾವನ್ನು ಲೆಕ್ಕದಂತೆ ಕಲಸಿ ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಲ್ಲೇ ಲೋಟದಲ್ಲಿ ಕುಡಿಸಿದರು. ನೂರಕ್ಕೆ ಇಪ್ಪತ್ತು ಮೂವತ್ತು ಇದ್ದ ಸಾವು ಮೂರು ನಾಲ್ಕಕ್ಕೆ ಇಳಿಯಿತು. ಇವತ್ತು ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಜಗತ್ತಿಗೆ ಒಪ್ಪಿಗೆಯಾಗಲು ಅವರ ಆ ಕೆಲಸ ದೊಡ್ಡ ಕಾರಣ. 2022ರ ಅಕ್ಟೋಬರ್ 16ರಂದು ಕೋಲ್ಕತ್ತಾದಲ್ಲಿ ತೀರಿಕೊಂಡರು. ಮುಂದಿನ ವರ್ಷ ಪದ್ಮವಿಭೂಷಣ ಬಂತು, ಮರಣೋತ್ತರವಾಗಿ.

ಅವರಿಗೆ ಯಾಕೆ ಅಳಲಿಲ್ಲ ಅಂತ ನಾನು ಕೇಳುವುದಿಲ್ಲ, ಹೆಸರೇ ಗೊತ್ತಿರಲಿಲ್ಲ. ಅಳೋದು ಬೇಡವೇ ಬೇಡ. ಅವರು ಮಾಡಿದ ಕೆಲಸ ನಿಮ್ಮ ಮನೆಯಲ್ಲಿ ಸರಿಯಾಗಿ ಆಗುತ್ತಿದೆಯಾ ಅಂತ ನೋಡಿಕೊಳ್ಳಿ ಸಾಕು, ಯಾಕೆ ಅಂದರೆ ಭೇದಿ ಇವತ್ತಿಗೂ ಪುಟ್ಟ ಮಕ್ಕಳನ್ನು ಕೊಲ್ಲುವ ದೊಡ್ಡ ಕಾರಣಗಳಲ್ಲಿ ಒಂದು. ಓಆರ್‌ಎಸ್ ಅಂತ ಬರೆದ ಸಿಹಿ ಜ್ಯೂಸ್ ಡಬ್ಬಿ ಕೊಡಬೇಡಿ. ಅಂಥವುಗಳ ಮೇಲೆ ಆ ಹೆಸರು ಹಾಕಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆದೇಶ ಮಾಡಿದೆ, ಅದೂ ಹೈದರಾಬಾದಿನ ಒಬ್ಬ ಮಕ್ಕಳ ವೈದ್ಯೆ ವರ್ಷಗಟ್ಟಲೆ ಹೋರಾಡಿದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದಿರುವ ಪುಡಿಯ ಪೊಟ್ಟಣ ತನ್ನಿ, ಆಶಾ ಕಾರ್ಯಕರ್ತೆಯ ಹತ್ತಿರ ಉಚಿತವಾಗಿಯೂ ಸಿಗುತ್ತದೆ. ಒಂದು ಲೀಟರಿನ ಪೊಟ್ಟಣವಾದರೆ ಇಡೀ ಪೊಟ್ಟಣವನ್ನು ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಹಾಕಬೇಕು. ಅರ್ಧ ಪುಡಿ ಒಂದು ಲೋಟಕ್ಕೆ ಅಂತ ಅಂದಾಜಿನಲ್ಲಿ ಕಲಸಿದರೆ ಉಪ್ಪು ಜಾಸ್ತಿಯಾಗಿ ಮಗುವಿಗೇ ಅಪಾಯ. ಕಲಸಿದ್ದನ್ನು 24 ಗಂಟೆಯ ಮೇಲೆ ಇಡಬೇಡಿ. ಜೊತೆಗೆ ಝಿಂಕ್ ಮಾತ್ರೆ, ಭೇದಿ ನಿಂತರೂ 14 ದಿನ ಪೂರ್ತಿ. ಎದೆಹಾಲು ನಿಲ್ಲಿಸಬೇಡಿ. ಮಗು ವಾಂತಿ ಮಾಡಿಕೊಂಡರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚದಲ್ಲಿ, ಸ್ವಲ್ಪ ಸ್ವಲ್ಪವಾಗಿ ಕೊಡಿ. ಕಣ್ಣು ಗುಳಿ ಬಿದ್ದು, ಕುಡಿಯೋಕೂ ಆಗದೆ ಮಂಪರಾಗಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ, ದಾರಿಯುದ್ದಕ್ಕೂ ಕುಡಿಸೋಕೆ ಸಾಧ್ಯವಾದಷ್ಟು ಕುಡಿಸುತ್ತಾ ಹೋಗಿ.